ನಾಲ್ಕರ ಮನೆಯ ಮದ್ದು

ನಮ್ಮೂರಿನಲ್ಲಿ ಗಂಟೆ ತಾನಾಗಿ ಮುಗಿಯುವುದಿಲ್ಲ. ಗಡಿಯಾರದ ಮುಳ್ಳು ಐವತ್ತೊಂಬತ್ತನೆಯ ನಿಮಿಷಕ್ಕೆ ಬಂದು, ಬಾಗಿಲಲ್ಲಿ ನಿಂತ ಬೀಗರ ಹಾಗೆ, ಒಳಕ್ಕೆ ಕರೆಯುವವರೆಗೆ ಕಾಯುತ್ತದೆ. ಆ ಗಂಟೆ ಯಾವ ಮನೆಯ ಪಾಲಿನದೋ ಆ ಮನೆಯವರು ಅಂಗಳಕ್ಕೆ ಬಂದು ಕೋವಿಯಿಂದ ಒಂದು ಈಡು ಹಾರಿಸಬೇಕು. ಹಾರಿಸಿದರೆ ಮುಂದಿನ ಗಂಟೆ. ಹಾರಿಸದಿದ್ದರೆ ನೆರಳು ಸರಿಯುವುದಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ, ಹೆಪ್ಪು ಹಾಕಿದ ಹಾಲು ಮೊಸರಾಗುವುದಿಲ್ಲ. ಮಾತು ಮಾತ್ರ ನಡೆಯುತ್ತದೆ. ಹಸಿವು ನಡೆಯುತ್ತದೆ, ಸುಸ್ತೂ ನಡೆಯುತ್ತದೆ.

ಹಗಲಿಗೆ ಹನ್ನೆರಡು ಮನೆ, ರಾತ್ರಿಗೆ ಹನ್ನೆರಡು ಮನೆ. ಉಳಿದವರೆಲ್ಲ ಈ ಇಪ್ಪತ್ನಾಲ್ಕು ಮನೆಗಳ ಕಾಲದಲ್ಲಿ ಬದುಕುವವರು. ನಮ್ಮದು ಬೆಳಗಿನ ಹನ್ನೊಂದರ ಮನೆ. ಅದಕ್ಕೇ ನನ್ನನ್ನು ಹನ್ನೊಂದರ ಮಾದಕ್ಕ ಅನ್ನುತ್ತಾರೆ. ಗಂಡ ಸತ್ತ ಮೇಲೆ ಈಡನ್ನು ನಾನೇ ಹಾರಿಸುತ್ತೇನೆ. ವಿಧವೆ ಹಾರಿಸಿದ ಗಂಟೆ ಊರಿಗೆ ಒಳ್ಳೆಯದಲ್ಲ ಎಂದು ಮೊದಮೊದಲು ನಾಲ್ಕು ಜನ ಗೊಣಗಿದರು. ಹಾಗಾದರೆ ಹನ್ನೊಂದರ ಗಂಟೆಯಲ್ಲಿ ನೀವು ಉಣ್ಣಬೇಡಿ, ಉಗುಳಬೇಡಿ ಎಂದೆ. ಆಮೇಲೆ ಸುಮ್ಮನಾದರು.

ಹಾರಿಸಿದ ಹಿತ್ತಾಳೆ ತೋಟೆಯನ್ನು ನಮ್ಮಲ್ಲಿ ಯಾರೂ ಎಸೆಯುವುದಿಲ್ಲ. ತೊಳೆದು ಒಣಗಿಸಿ, ಕಿಡಿ ಕೊಟ್ಟು ಸಿಡಿದ ತಳದ ಕೇಪನ್ನು ಕಿತ್ತು ಹೊಸ ಕೇಪು ಕೂರಿಸಿ, ಅಳತೆಯ ಕೋವಿಮದ್ದು ಸುರಿದು, ರಟ್ಟಿನ ಬಿಲ್ಲೆ ಒತ್ತಿದರೆ ತೋಟೆ ಮತ್ತೆ ಸಿದ್ಧ. ಯಾರನ್ನೂ ಕೊಲ್ಲುವ ಕೆಲಸವಿಲ್ಲದ್ದರಿಂದ ಸೀಸದ ಚರೆ ಹಾಕುವುದಿಲ್ಲ. ತುಂಬುವವರು ಹೆಂಗಸರು, ಹಾರಿಸುವವರು ಗಂಡಸರು. ಈಡು ಚೆನ್ನಾಗಿ ಸಿಡಿದರೆ ಅವರ ಕೈಗುಣ, ಸಿಡಿಯದಿದ್ದರೆ ಇವಳು ಏನು ತುಂಬಿದಳೋ.

ಹೀಗೆ ಇಪ್ಪತ್ನಾಲ್ಕು ಮನೆಗಳಲ್ಲೂ ಮದ್ದಿದೆ, ಕೇಪಿದೆ. ಅದನ್ನು ಎಲ್ಲಿಡಬೇಕು ಎಂಬುದರಲ್ಲಿ ಮಾತ್ರ ಇಪ್ಪತ್ನಾಲ್ಕು ಬುದ್ಧಿ. ನನ್ನ ಗಂಡ ಮಂಚದ ಕೆಳಗೆ ಇಟ್ಟು, ಮಂಚದ ಮೇಲೆ ಕೂತು ಬೀಡಿ ಸೇದುತ್ತಿದ್ದ. ಒಂದು ದಿನ ಹುಬ್ಬು ಎರಡನ್ನೂ ಕಳೆದುಕೊಂಡ. ಸಾಯುವವರೆಗೂ ಆ ಮನುಷ್ಯನಿಗೆ ಸಿಟ್ಟು ಬಂದಿದೆಯೋ ಆಶ್ಚರ್ಯವಾಗಿದೆಯೋ ಮುಖ ನೋಡಿ ಹೇಳುವ ಹಾಗಿರಲಿಲ್ಲ. ಹತ್ತರ ಮನೆಯವರು ದೇವರ ಕೋಣೆಯಲ್ಲಿಟ್ಟರು. ದೇವರ ಪಕ್ಕದಲ್ಲಿದ್ದರೆ ದೇವರೇ ಕಾಯುತ್ತಾನೆ ಎಂದು ಅವರ ಲೆಕ್ಕ. ಕೇಪಿನ ಪೊಟ್ಟಣ, ಮದ್ದಿನ ಡಬ್ಬಿ, ನಡುವೆ ನಂದಾದೀಪ. ಒಂದು ಬೆಳಗ್ಗೆ ದೇವರು ತನ್ನ ಪಟವನ್ನೂ ಕಾದುಕೊಳ್ಳಲಿಲ್ಲ. ಪುಣ್ಯಕ್ಕೆ ಮನೆಯವರೆಲ್ಲ ಹೊರಗಿದ್ದರು, ಹೋದದ್ದು ಸೂರು ಮಾತ್ರ. ಆ ಸಿಡಿತವೇ ಈಡಾಗಿ, ಒಂಬತ್ತೂವರೆಗೆ ಹಲ್ಲುಜ್ಜಲು ಕೂತವರು ಬಾಯಿ ಮುಕ್ಕಳಿಸುವಷ್ಟರಲ್ಲಿ ಊರಿಗೆ ಹತ್ತು ದಾಟಿತ್ತು.

ಆ ಸೂರು ಹಾರಿದ ಮೇಲೆ ಊರಿಗೆ ಒಂದು ಮದ್ದು ಸಮಿತಿ ಬಂತು. ಅದಕ್ಕೆ ಅಧ್ಯಕ್ಷ, ಸಾಯಂಕಾಲದ ನಾಲ್ಕರ ಮನೆಯ ಬೋರಲಿಂಗಯ್ಯ. ಕಾರ್ಯದರ್ಶಿ, ಅವನು ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಜವರಪ್ಪ. ಸಮಿತಿಯವರು ಮನೆಮನೆಗೂ ಹೋಗಿ ಮದ್ದು ಎಲ್ಲಿಟ್ಟಿದ್ದೀರಿ ಎಂದು ಕೇಳಿದರು, ಕಾಫಿ ಕುಡಿದರು, ತಲೆಯಾಡಿಸಿದರು. ನಮ್ಮ ಮನೆಗೂ ಬಂದರು. ನಾನು ಮದ್ದನ್ನು ಬಂದ ಡಬ್ಬಿಯಲ್ಲೇ ಬಿಟ್ಟು, ಡಬ್ಬಿಯನ್ನು ಹೊನ್ನೆ ಮರದ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಒಲೆಯಿಲ್ಲದ ಕೋಣೆಯ ಅಟ್ಟದ ಮೇಲೆ ಇಟ್ಟಿದ್ದೆ. ಕೇಪುಗಳು ಬೇರೆ ಕೋಣೆಯಲ್ಲಿ, ಬೇರೆ ಪೆಟ್ಟಿಗೆಯಲ್ಲಿ.

“ಮರದ ಪೆಟ್ಟಿಗೆನಾ?” ಎಂದ ಬೋರಲಿಂಗಯ್ಯ. “ಈ ಕಾಲ್ದಲ್ಲಿ ಕಬ್ಬಿಣದ್ದಾದ್ರೂ ಮಾಡ್ಸಬಾರ್ದಾ ಮಾದಕ್ಕ?”

“ಕಬ್ಬಿಣದಲ್ಲಿ ಬಿಗಿದ್ರೆ ಮದ್ದು ಹತ್ತಿದಾಗ ಪೆಟ್ಟಿಗೇನೇ ಗುಂಡಾಗ್ತದೆ ಕಣಪ್ಪ. ಮರದ್ದಾದ್ರೆ ಉರಿದು ಸುಮ್ಕಾಗ್ತದೆ.”

“ಯಾರು ಹೇಳಿದ್ರು?”

“ಡಬ್ಬಿ ಜೊತೆ ಬಂದ ಚೀಟಿ.”

ಅವನು ಜವರಪ್ಪನ ಮುಖ ನೋಡಿ ನಕ್ಕ. ನಾನು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ ಎಂದು ಊರಿಗೆಲ್ಲ ಗೊತ್ತು. ಶಾಲೆ ಬಿಟ್ಟು ಹೊರಗೆ ನಾನು ಮೊದಲು ಓದಿದ್ದೇ ಆ ಚೀಟಿಯನ್ನು. ಐದು ಸಾಲು, ಮೂರು ಸಂಜೆ ಹಿಡಿಯಿತು. ಚೆನ್ನಾಗಿ ಓದಬಲ್ಲವರು ಸಾಲಿನ ಮೊದಲ ಮಾತು ಓದಿ ಉಳಿದದ್ದನ್ನು ತಾವೇ ಊಹಿಸಿಕೊಳ್ಳುತ್ತಾರೆ. ನಮ್ಮಂಥವರು ಒಂದೊಂದು ಮಾತಿನ ಮೇಲೂ ಬೆರಳಿಟ್ಟುಕೊಂಡು ಹೋಗಬೇಕು, ಹಾಗಾಗಿ ಯಾವುದೂ ತಪ್ಪುವುದಿಲ್ಲ.

ಬೋರಲಿಂಗಯ್ಯ ಚೆನ್ನಾಗಿ ಓದಬಲ್ಲವನು. ಚೀಟಿಯ ಎರಡನೆಯ ಸಾಲಿನಲ್ಲಿ ‘ತಂಪಾದ, ಒಣ ಜಾಗದಲ್ಲಿ ಇಡಿ’ ಎಂದಿತ್ತು. ಅವನು ತಂಪಾದ ಎಂಬಲ್ಲಿಗೆ ಬಂದು ನಿಂತ. ಮರುವಾರ ಊರಿನ ಮೊದಲನೆಯ ಫ್ರಿಜ್ಜು ನಾಲ್ಕರ ಮನೆಗೆ ಬಂತು.

ಅದನ್ನು ನಡುಮನೆಯಲ್ಲಿ, ಬಂದವರಿಗೆ ಕಾಣುವ ಹಾಗೆ ನಿಲ್ಲಿಸಿದ. ಡಬ್ಬಿಯ ಮದ್ದನ್ನೆಲ್ಲ ಗಾಜಿನ ಭರಣಿಗಳಿಗೆ ಸುರಿದು ಮೇಲಿನ ಹಲಗೆಯಲ್ಲಿಟ್ಟ. ತುಂಬಿದ ತೋಟೆಗಳನ್ನು ನಡುವಿನ ಹಲಗೆಯಲ್ಲಿ ಮದುವೆ ಪಂಕ್ತಿಯ ಹಾಗೆ ಸಾಲಾಗಿ ಕೂರಿಸಿದ. ಬಾಗಿಲಿನಲ್ಲಿ ಕೋಳಿಮೊಟ್ಟೆ ಇಡಲು ಗುಳಿಗಳಿದ್ದವಲ್ಲ, ಆ ಒಂದೊಂದು ಗುಳಿಯಲ್ಲೂ ಹತ್ತುಹತ್ತು ಕೇಪು. ಬಾಗಿಲು ತೆಗೆದರೆ ಒಳಗೆ ದೀಪ ಹತ್ತುತ್ತಿತ್ತು. ಊರಿನವರೆಲ್ಲ ದೇವರ ದರ್ಶನಕ್ಕೆ ಬರುವಂತೆ ಬಂದರು. ಬಂದವರಿಗೆಲ್ಲ ಅವನು ಬಾಗಿಲು ತೆಗೆದು ತೋರಿಸಿದ, ಹಾಕಿದ, ಮತ್ತೆ ತೆಗೆದ. ಭರಣಿಗಳ ಮೈಮೇಲೆ ಬೆವರು ಮೂಡಿದ್ದನ್ನು ಒಬ್ಬ ಹುಡುಗಿ ಬೆರಳಿನಿಂದ ಮುಟ್ಟಿ, “ಅಳ್ತಾ ಐತೆ” ಎಂದಳು. ಅವಳ ತಾಯಿ ಕೈಗೊಂದು ಏಟು ಕೊಟ್ಟಳು.

ನಾನೂ ಹೋಗಿದ್ದೆ. “ಬೋರಲಿಂಗಪ್ಪ, ಆ ಸಾಲಿನಲ್ಲಿ ಇನ್ನೂ ಒಂದು ಮಾತೈತೆ” ಎಂದೆ.

“ಮಾದಕ್ಕ, ನಿಂಗೆ ಚೀಟಿ ಓದೋಕೆ ಬಂತು ಅಂತ ಸಮಿತಿಗೆ ಪಾಠ ಹೇಳ್ಬೇಡ” ಎಂದ. ಸಿಟ್ಟಿನಿಂದಲ್ಲ, ಮಗುವಿಗೆ ಹೇಳುವ ಹಾಗೆ. ಜವರಪ್ಪ ಅಂದೇ ನಿರ್ಣಯ ಬರೆದ: ತಣ್ಣನೆಯ ಪೆಟ್ಟಿಗೆಯಲ್ಲಿಟ್ಟ ತೋಟೆಯೇ ಅಂಗೀಕೃತ ತೋಟೆ. ನಾಲ್ಕರ ಮನೆಗೆ ಇಂದಿನಿಂದಲೇ, ಉಳಿದ ಮನೆಗಳಿಗೆ ಫ್ರಿಜ್ಜು ಬಂದ ದಿನದಿಂದ.

ಒಳಬಾಗಿಲಲ್ಲಿ ಅವನ ಹೆಂಡತಿ ಚನ್ನಾಜಮ್ಮ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ಮದುವೆಯಾಗಿ ಬಂದ ವರ್ಷ ನಮ್ಮ ಜಗಲಿಯಲ್ಲಿ ಕೂತು ತೋಟೆ ತುಂಬುವುದನ್ನು ಕಲಿತವಳು. ಅಳತೆಯ ಚಮಚದಲ್ಲಿ ಮದ್ದು ತೆಗೆದು, ಮೇಲಿನದನ್ನು ಬೆರಳಿನಿಂದ ಸವರಿ ಸಮ ಮಾಡುವಾಗ ಆ ಹುಡುಗಿಯ ಉಸಿರೂ ನಿಲ್ಲುತ್ತಿತ್ತು. ಇಪ್ಪತ್ತೆರಡು ವರ್ಷ ನಾಲ್ಕರ ಈಡು ಒಂದು ದಿನವೂ ತಪ್ಪಿರಲಿಲ್ಲ. ಬೋರಲಿಂಗಯ್ಯನ ಕೈಗುಣ ಎಂದು ಊರು ಹೊಗಳುತ್ತಿತ್ತು. ಅವಳು ನನ್ನ ಮುಖ ನೋಡಿದಳು, ತಟ್ಟೆ ಮುಂದೆ ಚಾಚಿದಳು.

ಇದಾಗಿ ತಿಂಗಳಿಗೆ, ನಾಲ್ಕರ ಸದ್ದು ದಿನೇದಿನೇ ಕುಗ್ಗುತ್ತಾ ಬಂದಿದ್ದಾಗ, ನನ್ನ ಮೊಮ್ಮಗಳು ಹೊಂಬಾಳೆಗೆ ನೋವು ಶುರುವಾಯಿತು. ತಾಯಿಯಿಲ್ಲದ ಮಗು, ಚೊಚ್ಚಲ ಹೆರಿಗೆಗೆ ನನ್ನ ಹತ್ತಿರ ಬಂದಿದ್ದಳು. ಹನ್ನೊಂದರ ಈಡನ್ನು ನಾನು ಒಂದು ಕಿವಿ ಒಳಗಿಟ್ಟುಕೊಂಡೇ ಹಾರಿಸಿದೆ. ಮೂರರ ಈಡು ಬಿದ್ದಾಗ ಸೂಲಗಿತ್ತಿ ಮುದ್ದಮ್ಮ, “ಇನ್ನೇನು ಬಂತು ಕಣೆ ತಾಯಿ, ನಾಲ್ಕರ ಸದ್ದಿಗೆ ಮಗು ಕೈಯಲ್ಲಿರ್ತದೆ” ಎಂದಳು. ಮೂರು ಗಂಟೆ ಐವತ್ತೊಂಬತ್ತು ನಿಮಿಷಕ್ಕೆ ಮಗುವಿನ ನೆತ್ತಿ ಕಂಡಿತು. ಕಪ್ಪು ಕೂದಲು, ಒಂದು ರೂಪಾಯಿಯಗಲ. ನಾವು ಈಡಿಗೆ ಕಾದೆವು. ಈಡು ಬರಲಿಲ್ಲ.

ಹೊಂಬಾಳೆ ತಿಣುಕಿದಳು. ನೆತ್ತಿ ಅಲ್ಲೇ ಇತ್ತು. ಮತ್ತೆ ತಿಣುಕಿದಳು. ಒಂದು ಕೂದಲೆಳೆಯಷ್ಟೂ ಮುಂದೆ ಬರಲಿಲ್ಲ. ಬಾಗಿಲ ನೆರಳು ಹೊಸ್ತಿಲ ಮೇಲೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಎಷ್ಟು ನೋವು ಬಂದು ಹೋದವೋ ಲೆಕ್ಕವಿಡಲು ನಿಮಿಷಗಳೇ ಇರಲಿಲ್ಲ.

“ಅಜ್ಜಿ, ಗಂಟೆ ಆಗ್ಲಿಲ್ವಾ?” ಎಂದಳು ಹೊಂಬಾಳೆ. ತುಟಿ ಬೆಳ್ಳಗಾಗಿತ್ತು.

ಮುದ್ದಮ್ಮ ನನ್ನನ್ನು ಮೂಲೆಗೆ ಕರೆದಳು. “ಮಾದಕ್ಕ, ಗಂಟೆ ನಿಂತ್ರೂ ಸುಸ್ತು ನಿಲ್ಲಲ್ಲ. ಈ ಹುಡುಗಿ ಮೈಯಾಗೆ ಇನ್ನು ಹತ್ತು ನೋವಿಗಾಗೋವಷ್ಟು ಕಸುವೈತೆ. ಹನ್ನೊಂದಕ್ಕಿಲ್ಲ. ಹೋಗಿ ಆ ನಾಲ್ಕರ ಮನೆಯವ್ನ ಎಬ್ಸು.”

ನಾನು ಹೋದೆ. ನಾಲ್ಕರ ಮನೆಯ ಅಂಗಳದಲ್ಲಿ ಅರ್ಧ ಊರಿತ್ತು. ಬೋರಲಿಂಗಯ್ಯ ಆರು ತೋಟೆ ಹಾಕಿ ಆರು ಸಲ ಕೋವಿಯ ಕುದುರೆ ಎಳೆದಿದ್ದ. ಆರು ಸಲವೂ ಟಿಕ್ ಎಂದಿತ್ತೇ ಹೊರತು ಸಿಡಿದಿರಲಿಲ್ಲ. ಒಂದು ತೋಟೆಯನ್ನು ಬಿಚ್ಚಿ ಸುರಿದರೆ ಮದ್ದು ಹುಣಸೆಹಣ್ಣಿನ ಹಾಗೆ ಮುದ್ದೆಯಾಗಿ ಬಿತ್ತು. ಕೇಪುಗಳ ಮೇಲೆ ಹಸಿರು ಕಿಲುಬು ಹಿಡಿದಿತ್ತು. ಈಗ ಭರಣಿಯ ಮದ್ದನ್ನೆಲ್ಲ ಪಂಚೆಯ ಮೇಲೆ ಹರಡಿ, ಬಿಸಿಲಿಗಿಟ್ಟು, ಸುತ್ತ ಕೂತು ಕಾಯುತ್ತಿದ್ದರು. ಗಂಟೆ ನಡೆಯದೆ ಮದ್ದು ಒಣಗುವುದಿಲ್ಲ, ಮದ್ದು ಒಣಗದೆ ಗಂಟೆ ನಡೆಯುವುದಿಲ್ಲ. ಇದು ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಅಧ್ಯಕ್ಷರಿಗಿಂತ ಮೊದಲು ಹೊಳೆಯಬಾರದೆಂದು ಸುಮ್ಮನಿದ್ದರೇನೋ.

ನಮ್ಮ ಮನೆಯಿಂದ ತೋಟೆ ತಂದುಕೊಡುವ ಹಾಗೂ ಇರಲಿಲ್ಲ. ಒಂದು ರಾತ್ರಿಯಾದರೂ ಆ ಮನೆಯ ಸೂರಿನಡಿ ಮಲಗದ ಮದ್ದಿಗೆ ಆ ಮನೆಯ ಗಂಟೆ ಜಗ್ಗುವುದಿಲ್ಲ. ಹಿಂದೊಮ್ಮೆ ಎಂಟರ ಮನೆಯವರು ಎರವಲು ತಂದು ಹಾರಿಸಿ ನೋಡಿದ್ದರು. ಕಾಗೆ ಹಾರಿದವು ಅಷ್ಟೆ.

“ಮೊಮ್ಮಗಳು ಸಾಯ್ತಾವ್ಳೆ ಬೋರಲಿಂಗಪ್ಪ” ಎಂದೆ.

“ಮಾಡ್ತಾ ಇದೀವಲ್ಲ ಮಾದಕ್ಕ. ತಾಳ್ಮೆ ಇರ್ಲಿ. ಗಂಟೆ ಎಲ್ಲೂ ಓಡಿ ಹೋಗಲ್ಲ.” ಅವನು ಬೆವರಿದ್ದ. “ಸಮಿತಿ ಸಭೆ ಕರ್ದಿದ್ದೀನಿ. ತುರ್ತು ಸಭೆ.”

ತಾಳ್ಮೆ ನನ್ನಲ್ಲಿ ಎಷ್ಟಿದೆ ಎಂದು ಊರಿಗೆ ಗೊತ್ತು. ಎಪ್ಪತ್ತು ವರ್ಷ ಅದನ್ನೇ ಉಂಡು ಬದುಕಿದ್ದೇನೆ. ಆದರೆ ಬೇರೆಯವರ ತಾಳ್ಮೆಯನ್ನು ಖರ್ಚು ಮಾಡಿಸುವವರನ್ನು ಕಂಡರೆ ನನ್ನದು ಬೇಗ ಮುಗಿಯುತ್ತದೆ.

ಅಷ್ಟರಲ್ಲಿ ಜವರಪ್ಪ ಅಂಗಳದ ಒಲೆ ಹೊತ್ತಿಸಿ ಅದರ ಮೇಲೆ ರೊಟ್ಟಿ ಹಂಚು ಇಟ್ಟಿದ್ದ. “ಬಿಸಿಲಿಗೆ ಆಗ್ದಿದ್ರೆ ಹುರ್ದು ಒಣಗ್ಸಾನ” ಎಂದು ಪಂಚೆಯ ನಾಲ್ಕು ತುದಿ ಒಟ್ಟು ಮಾಡಿ ಎತ್ತಿದ. ನಾನು ಹಿತ್ತಲಿಗೆ ಹೋಗುವ ದಾರಿಯಲ್ಲಿದ್ದ ನೀರಿನ ಬಿಂದಿಗೆಯನ್ನು ಹಾಗೇ ಎತ್ತಿ ಒಲೆಗೆ ಸುರಿದೆ. ಹೊಗೆಯೆದ್ದು ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಕೆಮ್ಮು ಬಂತು.

“ಏನಮ್ಮೋ ಇದು” ಎಂದ ಜವರಪ್ಪ.

“ಗಂಟೆ ನಿಂತಿರೋದು ಬೆಂಕಿಗೆ ಗೊತ್ತಿಲ್ಲ ಕಣೋ ಜವರ. ಹತ್ತರ ಮನೆ ಸೂರ್ನ ಕೇಳ್ಕೊಂಡು ಬಾ, ಆಮೇಲೆ ಹುರಿ.”

ಅವರು ಸಭೆಗೆ ಕೂತರು. ನಾನು ಒಳಗೆ ಹೋದೆ.

ಚನ್ನಾಜಮ್ಮ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಕೈಗಳೆರಡೂ ಮಡಿಲಲ್ಲಿ. ಆ ಹೆಣ್ಣಿನ ಕೈ ಸುಮ್ಮನಿದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. ಒಂದು ಚಣ, ಎಬ್ಬಿಸುವುದು ಪಾಪವೇನೋ ಅನ್ನಿಸಿತು.

“ಬಾ ಅಕ್ಕ, ಕೂತ್ಕೊ” ಎಂದಳು. “ಇಪ್ಪತ್ತೆರಡು ವರ್ಸಕ್ಕೆ ಇದೊಂದು ಗಂಟೆ, ಮುಂದಿನ್ಹೊತ್ತಿಗೆ ಏನು ಅಡಿಗೆ ಅಂತ ಯಾರೂ ಕೇಳ್ಲಿಲ್ಲ. ಮುಂದಿನ್ಹೊತ್ತೇ ಬರಾಕಿಲ್ವಲ್ಲ.” ನಕ್ಕಳು.

“ಚನ್ನಿ, ಈ ಮನೇಲಿ ಎಲ್ಲಾ ಮದ್ದೂ ಆ ಪೆಟ್ಟಿಗೇಲೇ ಇತ್ತಾ?”

ಅವಳ ಸೆರಗಿನ ತುದಿಯಲ್ಲಿ ಕಟ್ಟಿದ್ದ ಬೀಗದ ಕೈಯನ್ನು ಬೆರಳು ಹುಡುಕಿಕೊಂಡಿತು.

“ಇನ್ನೊಂದಿಷ್ಟು ಐತೆ” ಎಂದಳು. “ಅಟ್ಟದ ಮೇಲೆ, ನೀನು ಮದುವೆಗೆ ಕೊಟ್ಟ ಪೆಟ್ಟಿಗೇಲಿ. ತುಂಬಿದ ತೋಟೆ ಐದು. ಇವರು ಭರಣಿಗೆ ಸುರಿಯೋವಾಗ ತೆಗ್ದಿಟ್ಟೆ. ನೀ ಹಿಂದೆ ಜಗಲೀಲಿ ಚೀಟಿ ಓದಿ ಹೇಳಿದ್ಯಲ್ಲ, ಒಣ ಜಾಗ ಅಂತ. ನಂಗೆ ಓದಕ್ಕೆ ಬರಾಕಿಲ್ಲ, ಕೇಳಕ್ಕೆ ಬರ್ತದೆ.”

“ಮತ್ಯಾಕೆ ಕೊಡ್ಲಿಲ್ಲ?”

“ಕೇಳ್ಲಿ ಅಂತ.” ಅವಳ ದನಿ ಏರಲಿಲ್ಲ. “ಆರು ಸಲ ಟಿಕ್ ಅಂತಲ್ಲ ಅಕ್ಕ, ಆರು ಸಲವೂ ಒಳಕ್ಕೆ ತಿರುಗಿ, ಏನು ತುಂಬಿದ್ಯೇ ಅಂದ್ರು. ಇಪ್ಪತ್ತೆರಡು ವರ್ಸ ಸಿಡೀತಲ್ಲ, ಆಗ ಒಂದು ದಿನ ತಿರುಗಿ ನೋಡ್ಲಿಲ್ಲ. ಚನ್ನಾಜಿ, ಒಂದು ತೋಟೆ ಐತಾ ಅಂತ ಊರ ಮುಂದೆ ಒಂದು ಸಲ ಕೇಳ್ಲಿ. ಅಷ್ಟೇಯ. ಗಂಟೆಗೇನು ಅವಸರ?”

“ಹೊಂಬಾಳೆ ಹೆರಿಗೆ ನೋವಲ್ಲವ್ಳೆ” ಎಂದೆ. “ನೆತ್ತಿ ಕಂಡು ನಿಂತೈತೆ.”

ಅವಳು ಮುಖ ಎತ್ತಿದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಅಂಗಳದ ತುಂಬ ಜನರಿದ್ದರೂ ಒಳಗಿದ್ದವಳಿಗೆ ಸುದ್ದಿ ತಲುಪಿಸಬೇಕು ಎಂದು ಯಾರಿಗೆ ತೋಚುತ್ತದೆ? ಎದ್ದ ರಭಸಕ್ಕೆ ಅವಳ ಕಾಲ ಬಳಿಯಿದ್ದ ಚೊಂಬು ಉರುಳಿತು. ಏಣಿ ಹತ್ತಿ, ಪೆಟ್ಟಿಗೆ ಬೀಗ ತೆಗೆದು, ಐದನ್ನೂ ಮಡಿಲಿಗೆ ಹಾಕಿಕೊಂಡು ಇಳಿದಳು.

ಅಂಗಳದಲ್ಲಿ ಸಭೆ ಎರಡನೆಯ ವಿಷಯಕ್ಕೆ ಬಂದಿತ್ತು. ಮೊದಲನೆಯ ವಿಷಯ, ಹಿಂದಿನ ಸಭೆಯ ವರದಿ. ಅದನ್ನು ಜವರಪ್ಪ ಪೂರ್ತಿ ಓದಿದ್ದ. ಚನ್ನಾಜಮ್ಮ ಹೋಗಿ ಮೇಜಿನ ಮೇಲೆ ಒಂದು ತೋಟೆ ನಿಲ್ಲಿಸಿದಳು. “ಇದು ಒಣಗೈತೆ. ಈ ಮನೇಲೆ ತಿಂಗಳಿಂದ ಮಲಗೈತೆ. ಹಾರ್ಸಿ.”

ಬೋರಲಿಂಗಯ್ಯ ತೋಟೆಯನ್ನು ನೋಡಿದ. ಅದು ಸಿಡಿಯುತ್ತದೆ ಎಂದು ಅವನಿಗೆ ಗೊತ್ತಾಯಿತು. ಸಿಡಿದರೆ ಏನೇನು ಸಿಡಿಯುತ್ತದೆ ಎಂದೂ ಗೊತ್ತಾಯಿತು. “ಎಲ್ಲಿತ್ತು?” ಎಂದ.

“ಮರದ ಪೆಟ್ಟಿಗೇಲಿ.”

ಅವನು ಜವರಪ್ಪನ ಕಡೆ ತಿರುಗಿದ. “ನಿರ್ಣಯ ಏನಂತದೆ?”

ಜವರಪ್ಪ ಪುಸ್ತಕ ತಿರುವಿದ. “ತಣ್ಣನೆ ಪೆಟ್ಟಿಗೇಲಿಟ್ಟ ತೋಟೆಯೇ ಅಂಗೀಕೃತ. ಇದು... ಅನಂಗೀಕೃತ.”

“ತಿದ್ದುಪಡಿ ಮಾಡಾಣ” ಎಂದ ಬೋರಲಿಂಗಯ್ಯ. ಅವನು ಕೆಟ್ಟವನಲ್ಲ, ಅದನ್ನೂ ಹೇಳಬೇಕು. ಕಷ್ಟದಲ್ಲಿದ್ದವರಿಗೆ ಒದಗುವವನೇ, ಅದಕ್ಕೊಂದು ನಿಯಮ ಇದ್ದರೆ. “ತಿದ್ದುಪಡಿಗೆ ಎಷ್ಟು ದಿನದ ಮುಂಚೆ ತಿಳಿಸ್ಬೇಕು?”

“ಒಂದು ಪೂರ್ತಿ ದಿನ” ಎಂದ ಜವರಪ್ಪ.

ಅಂಗಳದಲ್ಲಿದ್ದವರೆಲ್ಲ ನಿಂತ ನೆರಳನ್ನು ನೋಡಿದರು. ಅಷ್ಟರಲ್ಲಿ ನಮ್ಮ ಮನೆಯ ಕಡೆಯಿಂದ ಹೊಂಬಾಳೆಯ ಕೂಗು ಬಂತು. ಅದು ಕೂಗಿನ ಹಾಗೂ ಇರಲಿಲ್ಲ, ಹಳೆ ಬಟ್ಟೆ ಹರಿದ ಸದ್ದಿನ ಹಾಗಿತ್ತು. ನಾನು ಮನಸ್ಸಿನಲ್ಲೇ ನೋವುಗಳನ್ನು ಎಣಿಸುತ್ತಿದ್ದೆ. ಏಳು.

ಕೋವಿ ಮೇಜಿನ ಮೇಲೆ, ಸಮಿತಿಯ ಬಾವುಟದ ಪಕ್ಕದಲ್ಲಿ ಮಲಗಿತ್ತು. ಚನ್ನಾಜಮ್ಮ ಅದನ್ನು ಎತ್ತಿಕೊಂಡಳು. ನಳಿಗೆ ಬಗ್ಗಿಸಿ ಒಳಗಿದ್ದ ಒದ್ದೆ ತೋಟೆಯನ್ನು ತೆಗೆದು ಬಿಂದಿಗೆಯ ಉಳಿದ ನೀರಿಗೆ ಹಾಕಿದಳು. ನಳಿಗೆಯಲ್ಲಿ ಕಣ್ಣಿಟ್ಟು ಬಿಲ್ಲೆ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಂಡಳು. ಒಣ ತೋಟೆ ಹಾಕಿ ಮುಚ್ಚಿದಳು. ಎಲ್ಲವನ್ನೂ ನಾನು ಕಲಿಸಿದ ಹಾಗೇ, ಅವಸರವಿಲ್ಲದೆ.

“ಏ, ಏ ಚನ್ನಾಜಿ, ಗಂಡಸ್ರು ಕೂತಿರೋವಾಗ” ಎಂದ ಬೋರಲಿಂಗಯ್ಯ.

“ಕೂತಿರಿ” ಎಂದಳು ಅವಳು. “ಎದುರಿಗಿರೋರು ಮಾತ್ರ ಸರೀರಿ.”

ಬೇಲಿಯಾಚೆಯ ಮಣ್ಣುದಿಬ್ಬಕ್ಕೆ ಗುರಿಯಿಟ್ಟು ಕುದುರೆ ಎಳೆದಳು.

ಇಪ್ಪತ್ತೆರಡು ವರ್ಷದ ನಾಲ್ಕರ ಈಡುಗಳನ್ನು ಕೇಳಿದವಳು ನಾನು, ಅಂಥ ಸದ್ದು ಕೇಳಿರಲಿಲ್ಲ. ಅಂಗಳದ ನೆರಳೆಲ್ಲ ಒಂದು ಗೇಣು ಜಿಗಿಯಿತು. ತಂತಿಯ ಮೇಲಿನ ಬಟ್ಟೆಗಳು ಒಮ್ಮೆಗೇ ಹಗುರಾಗಿ ಹಾರಾಡಿದವು. ಪಂಚೆಯ ಮೇಲಿನ ಮದ್ದು ಒಣಗತೊಡಗಿತು, ಯಾರಿಗೂ ಬೇಡವಾದ ಮೇಲೆ. ನಾನು ಇದಾವುದನ್ನೂ ನಿಂತು ನೋಡಲಿಲ್ಲ. ಓಡಿದೆ. ಈ ಮೊಣಕಾಲುಗಳಲ್ಲಿ ಓಟ ಎಲ್ಲಿತ್ತೋ. ನಮ್ಮ ಹೊಸ್ತಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ಅಳು ಕೇಳಿತು, ಸಣ್ಣದು, ಸಿಟ್ಟಿನದು.

“ಹೆಣ್ಣು” ಎಂದಳು ಮುದ್ದಮ್ಮ. “ಒಂಬತ್ತನೇ ನೋವಿಗೆ.” ಹೊಂಬಾಳೆ ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹುಡುಕಿ ಹಿಡಿದಳು. ಹಿಡಿತ ಸಡಿಲವಾಗಿತ್ತು, ಆದರೆ ಬಿಸಿಯಾಗಿತ್ತು.

ವಾರದ ಮೇಲೆ ಸಮಿತಿ ಕಟ್ಟೆಯ ಹತ್ತಿರ ಒಂದು ಫಲಕ ನೆಟ್ಟಿತು. ಮದ್ದನ್ನು ಒಣ ಜಾಗದಲ್ಲಿ, ಬಂದ ಡಬ್ಬಿಯಲ್ಲೇ, ಮರದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡತಕ್ಕದ್ದು. ಕೇಪುಗಳನ್ನು ಬೇರೆ ಇಡತಕ್ಕದ್ದು. ಕೆಳಗೆ, ಇದು ಅಧ್ಯಕ್ಷರ ದೀರ್ಘಕಾಲದ ಸಂಶೋಧನೆಯ ಫಲ ಎಂದು ಬರೆದಿತ್ತು. ದೀರ್ಘಕಾಲ ಎಂಬುದೊಂದು ನಿಜ. ಅಷ್ಟು ದೀರ್ಘವಾದ ಒಂದು ನಿಮಿಷ ನಾನು ಕಂಡಿಲ್ಲ. ಫಲಕದ ಮುಂದೆ ನಿಂತು ಒಂದೊಂದು ಮಾತಿಗೂ ಬೆರಳಿಟ್ಟು ಓದಿದೆ. ತಪ್ಪೇನೂ ಇರಲಿಲ್ಲ, ಹೆಸರು ಬಿಟ್ಟರೆ. ಬೋರಲಿಂಗಯ್ಯ ದಾರಿಯಲ್ಲಿ ಸಿಕ್ಕಾಗ, “ಹೆಂಗೈತೆ ಮಾದಕ್ಕ ಫಲಕ?” ಎಂದು ಕೇಳಿದ. ಅಕ್ಷರ ದುಂಡಗಿವೆ ಎಂದೆ. ಫ್ರಿಜ್ಜಿನಲ್ಲಿ ಈಗ ಮೊಟ್ಟೆ ಇದೆ ಎಂದು ಕೇಳಿದ್ದೇನೆ.

ಆದರೆ ನಾಲ್ಕರ ಈಡನ್ನು ಅಂದಿನಿಂದ ಹಾರಿಸುವವಳು ಚನ್ನಾಜಮ್ಮ. ಅದರ ಬಗ್ಗೆ ಯಾವ ನಿರ್ಣಯವೂ ಆಗಲಿಲ್ಲ. ಪೆಟ್ಟಿಗೆಯ ಬೀಗದ ಕೈ ಅವಳ ಸೆರಗಿನಲ್ಲೇ ಇದೆ, ಅದನ್ನು ಕೇಳುವ ಧೈರ್ಯ ಸಮಿತಿಗಿಲ್ಲ. ಮುಳ್ಳು ಐವತ್ತೊಂಬತ್ತಕ್ಕೆ ಬಂದಾಗ ಅವಳು ತುಂಬಿದ ಕೋವಿಯ ನಳಿಗೆ ಬಗ್ಗಿಸಿಟ್ಟುಕೊಂಡು ಬೇಲಿಯ ಹತ್ತಿರ ಬಂದು ನಿಲ್ಲುತ್ತಾಳೆ. ನಾನೂ ಅಲ್ಲಿಗೆ ಹೋಗುತ್ತೇನೆ, ಮರಿಮಗಳನ್ನು ಸೊಂಟದ ಮೇಲಿಟ್ಟುಕೊಂಡು.

“ಅಕ್ಕ, ಊರಾಗೆ ಯಾರಾದ್ರೂ ನೋಯ್ತಾ ಅವರಾ?” ಎಂದು ಕೇಳುತ್ತಾಳೆ.

ಯಾರಾದರೂ ಇದ್ದಾರೆ ಎಂದರೆ ಮಾತು ಮುಗಿಯುವಷ್ಟರಲ್ಲಿ ಈಡು ಹಾರಿರುತ್ತದೆ. ಯಾರೂ ಇಲ್ಲವೆಂದರೆ ತೋಟೆಯನ್ನು ಹೊರತೆಗೆದು ಮಡಿಲಲ್ಲಿಟ್ಟುಕೊಂಡು, ಬೇಲಿಯ ಪಕ್ಕದ ಕಲ್ಲಿಗೆ ಒರಗಿ, ಕಾಲು ಚಾಚಿ ಕೂರುತ್ತಾಳೆ. ಅಂಗಳದಲ್ಲಿ ಅಧ್ಯಕ್ಷರು ಗಡಿಯಾರ ನೋಡುತ್ತಾ ಅತ್ತಿಂದಿತ್ತ ನಡೆಯುತ್ತಿರುತ್ತಾರೆ. ನಾನೂ ಕಾಲು ಚಾಚುತ್ತೇನೆ.